ಮಧ್ಯಾಹ್ನ ಮಾತ್ರ ಹೊಗೆ ವಾಪಸ್ ಬರ್ತದ: ಒಲೆ ದೋಷನೋ, ಪೈಪಿನ ದೋಷನೋ?

ಎರೆಹೊಲ (ಸಿಂಧನೂರು ತಾಲ್ಲೂಕು) ಕೇಳಿದ್ದು:

ನಮಸ್ಕಾರ್ರಿ. ಒಲೆ, ಪೈಪಿನ ಕೆಲಸ ಬಲ್ಲವರು ಸ್ವಲ್ಪ ದಾರಿ ತೋರಿಸ್ರಿ.

ಹಳೇ ಮಾಳಿಗೆ ಮನೆ (ಜಂತಿ ಮೇಲೆ ಕಡ್ಡಿ, ಮಣ್ಣು ಹಾಸಿದ ಚಪ್ಪಟೆ ಛಾವಣಿ), ಮಣ್ಣಿನ ಗೋಡೆ ಎರಡು ಅಡಿ ದಪ್ಪ. ಅಡುಗೆಮನೆ 10 ಅಡಿ ಉದ್ದ, 8 ಅಡಿ ಅಗಲ, ಮಾಳಿಗೆ ಎತ್ತರ 10 ಅಡಿ. ಒಂದೇ ಬಾಗಿಲು, ಒಂದು ಸಣ್ಣ ಕಿಟಕಿ. ಮಾಳಿಗೆಯಲ್ಲಿ ಎರಡು ಅಡಿ ಚೌಕದ ಬೆಳಕಿಂಡಿ ಇತ್ತು, ಮಳೆ ನೀರು ಬರ್ತದ ಅಂತ ಗಾಜು ಕೂಡಿಸಿ ಮುಚ್ಚಿದ್ದಾರೆ. ಸಾಲಾಗಿ ಮೂರು ಪಾತ್ರೆ ಕೂಡೋ ಅಸ್ತ್ರ ಒಲೆ (ಹೊಗೆ ಪೈಪಿರೋ ಸುಧಾರಿತ ಒಲೆ) ಮಾದರಿಯ ಒಲೆ, 4 ಇಂಚಿನ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಹೊಗೆ ಪೈಪು. ಪೈಪು ಒಲೆ ಹಿಂದಿನಿಂದ ಎರಡು ಅಡಿ ಮೇಲೆ ಹೋಗಿ, 5 ಅಡಿ ಅಡ್ಡ ಹರಿದು, ಮೂಲೆಯಲ್ಲಿ ಮತ್ತೆ ಎದ್ದು ಮಾಳಿಗೆ ದಾಟಿ ಒಂದು ಅಡಿ ಹೊರಗೆ ಕಾಣ್ತದ. ಉರುವಲು ಬಳ್ಳಾರಿ ಜಾಲಿ, ಹತ್ತಿ ಕಟ್ಟಿಗೆ. ದಿನಕ್ಕೆ 40 ರೊಟ್ಟಿ.

ಬೆಳಿಗ್ಗೆ 5ಕ್ಕೆ ಹೊತ್ತಿಸಿದ್ರೆ ಹೊಗೆ ನೆಟ್ಟಗೆ ಹೋಗ್ತದ. ಮಧ್ಯಾಹ್ನ 12ಕ್ಕೆ ಅದೇ ಒಲೆ, ಅದೇ ಕಟ್ಟಿಗೆ, ಕಾಲು ತಾಸು ಕಣ್ಣು ಬಿಡೋಕಾಗಲ್ಲ. ಎಕ್ಸಾಸ್ಟ್ ಫ್ಯಾನ್ ಹಾಕಿದ್ರೆ ಇನ್ನೂ ಜಾಸ್ತಿ. ಹತ್ತಿ ಕಟ್ಟಿಗೆ ಉರಿಯುವಾಗ ಪೈಪಿನ ಬುಡ ಒಂದು ಗೇಣು ಕೆಂಪಗಾಗ್ತದ. ರಾತ್ರಿ ಕೆಂಡ ಉಳಿಸಲಿಕ್ಕೆ ಪೈಪಿಗೆ ಅಡ್ಡ ತಗಡು ಕೂಡಿಸಬೇಕು ಅಂತಿದೆ, ನಡೀತದೇನು? ಗ್ಯಾಸ್ ಒಲೆಯೂ ಅದೇ ಕೋಣೆಯಲ್ಲಿದೆ. ಬೇಸಿಗೆಯಲ್ಲಿ ಒಳಗೆ ನಿಲ್ಲೋಕಾಗಲ್ಲ.

ಒಲೆಮೇಸ್ತ್ರಿ (ಕುಷ್ಟಗಿ):

ಮೊದಲು ಮಧ್ಯಾಹ್ನದ ಹೊಗೆ. ಅದು ಒಲೆಯ ದೋಷ ಅಲ್ರಿ, ದಪ್ಪ ಗೋಡೆಯ ಗುಣ.

ಪೈಪು ಹೊಗೆ ಎಳೆಯೋದು ಒಂದೇ ಕಾರಣಕ್ಕೆ: ಅದರೊಳಗಿನ ಗಾಳಿ ಹೊರಗಿನದಕ್ಕಿಂತ ಬಿಸಿ, ಅದಕ್ಕೇ ಹಗುರ. ಬೆಳಗಿನ ಜಾವ ಹೊರಗೆ 27 ಡಿಗ್ರಿ ಇದ್ದರೆ ಗೋಡೆ ಹಿಡಿದಿಟ್ಟ ಕಾವಿಗೆ ಒಳಗೆ 31–32 ಇರುತ್ತದೆ. ಕಡ್ಡಿ ಗೀರುವ ಮೊದಲೇ ಪೈಪು ಮೇಲಕ್ಕೆ ಎಳೆಯುತ್ತಿರುತ್ತದೆ. ಮಧ್ಯಾಹ್ನ ಹೊರಗೆ 42, ನಿಮ್ಮ ಮಣ್ಣಿನ ಮನೆಯೊಳಗೆ 33–34. ಈಗ ಪೈಪಿನಲ್ಲಿ ನಿಂತಿರೋದು ತಂಪು ಗಾಳಿ. ಹೊರಗಿನದಕ್ಕಿಂತ ಭಾರ. ಅದು ಕೆಳಗೆ ಜಾರಿ ಒಲೆಬಾಯಿಂದ ನಿಮ್ಮ ಮುಖಕ್ಕೆ ಬರುತ್ತದೆ, ಜೊತೆಗೆ ಹೊಗೆಯನ್ನೂ ತರುತ್ತದೆ. ಪೈಪು ಕಾಯುವ ತನಕ ಇದೇ ಗೋಳು.

ಖಾತ್ರಿ ಮಾಡ್ಕೋಬೇಕಾ? ಮಧ್ಯಾಹ್ನ ಒಲೆ ತಣ್ಣಗಿದ್ದಾಗ ಒಂದು ಊದಿನಕಡ್ಡಿ ಹೊತ್ತಿಸಿ ಒಲೆಬಾಯಿ ಹತ್ತಿರ ಹಿಡೀರಿ. ಅದರ ಹೊಗೆ ಎಳೆ ಒಳಗೆ ಬಾಗಿದ್ರೆ ಸರಿ. ನಿಮ್ಮ ಕಡೆ ಬಾಗಿದ್ರೆ ಪೈಪು ಉಲ್ಟಾ ಉಸಿರಾಡ್ತಿದೆ.

ಪರಿಹಾರ ಸುಲಭ. ಕಟ್ಟಿಗೆಗೆ ಬೆಂಕಿ ಇಡುವ ಮೊದಲು ಪೈಪನ್ನು ಬಿಸಿ ಮಾಡಬೇಕು. ಮೂರನೇ ಪಾತ್ರೆಯ ಕಣ್ಣು (ಪಾತ್ರೆ ಕೂಡೋ ತೂತು) ಪೈಪಿನ ಬಾಯಿಗೆ ಹತ್ತಿರ ಇರುತ್ತದಲ್ಲ, ಅದರೊಳಗೆ ಎರಡು ಹಾಳೆ ಪೇಪರ್ ಅಥವಾ ಒಂದು ಹಿಡಿ ಒಣ ಸೊಪ್ಪೆ ಉರಿಸಿ, ಕಣ್ಣಿನ ಮೇಲೆ ತಟ್ಟೆ ಮುಚ್ಚಿರಿ. ಎರಡು ಮೂರು ನಿಮಿಷ ಸಾಕು. ಊದಿನಕಡ್ಡಿ ಮತ್ತೆ ಹಿಡೀರಿ, ಎಳೆ ಒಳಗೆ ಬಾಗಿದ ಮೇಲೆ ಒಲೆಬಾಯಲ್ಲಿ ಸಣ್ಣ ಕಡ್ಡಿಯಿಂದ ಶುರು ಮಾಡ್ರಿ. ಮೊದಲ ಹತ್ತು ನಿಮಿಷ ದಪ್ಪ ಕೊರಡು ಬೇಡ. ಸೀಮೆಎಣ್ಣೆ, ಪೆಟ್ರೋಲ್ ಹತ್ತಿರವೂ ತರಬೇಡಿ. ಪೈಪು ಉಲ್ಟಾ ಇರುವಾಗ ಆವಿ ಕೋಣೆಯಲ್ಲೇ ತುಂಬಿ ಒಮ್ಮೆಲೇ ಹೊತ್ತಿಕೊಳ್ಳುತ್ತದೆ.

ಎರಡನೇದು ಆ 5 ಅಡಿ ಅಡ್ಡ ಪೈಪು. ಇದು ಪೈಪಿನದೇ ದೋಷ. ನೆಟ್ಟಗೆ 10 ಅಡಿ ಎತ್ತರದ ಪೈಪಿನಲ್ಲಿ ಹೊಗೆ 150 ಡಿಗ್ರಿ, ಹೊರಗೆ 25 ಡಿಗ್ರಿ ಇದ್ದಾಗ ಸಿಗುವ ಎಳೆತ ಸುಮಾರು 10 ಪ್ಯಾಸ್ಕಲ್. ಅಂದರೆ ಒಂದು ಮಿಲಿಮೀಟರ್ ನೀರು ಎತ್ತುವಷ್ಟು, ಅಷ್ಟೇ. ಹೊರಗೆ 42 ಆದರೆ ಅದು ಎಂಟೂವರೆಗೆ ಇಳಿಯುತ್ತದೆ. ಇಷ್ಟು ಸಣ್ಣ ಬಲವನ್ನು ಅಡ್ಡ ಪೈಪಿನಲ್ಲೂ ಎರಡು 90 ಡಿಗ್ರಿ ತಿರುವಿನಲ್ಲೂ ಕಳೆದರೆ ಉಳಿಯೋದೇನು? ಅಡ್ಡಕ್ಕೆ ಮಲಗಿದ ಪೈಪಿನಲ್ಲಿ ಮಸಿಯೂ ಕೂಡುತ್ತದೆ. ತಿರುವು ಬೇಕೇ ಬೇಕಿದ್ದರೆ 45 ಡಿಗ್ರಿಯ ಎರಡು ಬೆಂಡ್ ಹಾಕಿ ಓರೆಯಾಗಿ ಏರಿಸ್ರಿ. ಮಾಳಿಗೆ ಮೇಲೆ ಒಂದು ಅಡಿ ಸಾಲದು. ಕನಿಷ್ಠ 3 ಅಡಿ, ಮತ್ತು ಸುತ್ತ 10 ಅಡಿ ದೂರದೊಳಗೆ ಪ್ಯಾರಪೆಟ್, ನೀರಿನ ಟ್ಯಾಂಕ್ ಏನಿದ್ದರೂ ಅದಕ್ಕಿಂತ 2 ಅಡಿ ಮೇಲೆ. ಇಲ್ಲದಿದ್ದರೆ ಜೂನ್–ಜುಲೈ ಪಡುವಣ ಗಾಳಿ ಪ್ಯಾರಪೆಟ್ ಹಾಯ್ದು ಸುಳಿದು ಪೈಪಿನೊಳಗೆ ಒತ್ತುತ್ತದೆ. ಮೇಲಿನ ಟೋಪಿಗೂ ಪೈಪಿನ ಬಾಯಿಗೂ ನಡುವೆ 3 ಇಂಚಿಗಿಂತ ಕಡಿಮೆ ಇರಬಾರದು.

ಒಂದು ಮಾತು ಹೇಳ್ರಿ: ಪೈಪು ಮಾಳಿಗೆ ದಾಟುವಲ್ಲಿ ಜಂತಿ ಎಷ್ಟು ದೂರ ಇದೆ? ಕಣ್ಣಂದಾಜು ಬೇಡ, ಟೇಪು ಹಿಡಿದು ನೋಡ್ರಿ. ಅಲ್ಲಿ ತನಕ ಹತ್ತಿ ಕಟ್ಟಿಗೆ ಉರಿಸಬೇಡ್ರಿ.

ಎರೆಹೊಲ:

ಅಳತೆ ಮಾಡಿದೆ. ಒಂದು ಕಡೆ ಜಂತಿ 3 ಇಂಚು. ಇನ್ನೊಂದು ಕಡೆ ಜಂತಿ ಮೇಲೆ ಹಾಸಿದ ಕಡ್ಡಿಗಳ ತುದಿ ಪೈಪಿಗೆ ತಾಗಿಯೇ ಇವೆ. ಸಂದಿಗೆ ಹಳೇ ಗೋಣಿಚೀಲ ತುರುಕಿದ್ದಾರೆ, ಅದು ಕಂದಾಗಿದೆ. ಜಂತಿಯ ಪೈಪಿನ ಕಡೆ ಮೈ ಕಪ್ಪಗಿದೆ, ಉಗುರಲ್ಲಿ ಕೆರೆದರೆ ಪುಡಿ ಬರ್ತದ.

ಪೈಪ್‌ಫಿಟ್ಟರ್ (ತೋರಣಗಲ್ಲು):

ಅಣ್ಣಾ, ಇವತ್ತಿಂದ ಆ ಪೈಪಿಗೆ ಬೆಂಕಿ ತೋರಿಸಬೇಡಿ. ಹೊಗೆ ಆಮೇಲೆ ನೋಡೋಣ. ಈ ಜಂತಿಯೇ ನಿಮ್ಮ ಮನೆಯ ದೊಡ್ಡ ಅಪಾಯ.

ಕೆರೆದರೆ ಪುಡಿ ಬರುತ್ತದೆ ಅಂದರೆ ಆ ಮರ ಒಳಗೊಳಗೇ ಇದ್ದಿಲಾಗಿದೆ. ವರ್ಷಗಟ್ಟಲೆ ಕಾವು ತಿಂದ ಮರ ಹಸನಾದ ಮರಕ್ಕಿಂತ ಬಹಳ ಕಡಿಮೆ ಬಿಸಿಗೇ ಹೊತ್ತಿಕೊಳ್ಳುತ್ತದೆ. ಜ್ವಾಲೆ ತಾಗಲೇಬೇಕು ಅಂತಿಲ್ಲ. ಮಾಳಿಗೆ ಮಣ್ಣಿನ ಕೆಳಗೆ ಕಡ್ಡಿ ಹಾಸು ಹೊಗೆಯಾಡುತ್ತಾ ತಾಸುಗಟ್ಟಲೆ ಹರಿದರೂ ಕೆಳಗೆ ಗೊತ್ತಾಗುವುದಿಲ್ಲ. ಒಂದೇ ಪದರದ ತಗಡಿನ ಪೈಪಿಗೂ ಉರಿಯುವ ಯಾವುದೇ ವಸ್ತುವಿಗೂ 18 ಇಂಚು ದೂರ ಬೇಕು. ನಿಮ್ಮಲ್ಲಿ ಮೂರು.

ಒಳ್ಳೆಯ ದಾರಿ ನಿಮ್ಮ ಬೆಳಕಿಂಡಿ. ಅದು ಜಂತಿಗಳ ನಡುವೆ ಮೊದಲೇ ಬಿಟ್ಟ ಕಿಂಡಿ, ಹೊಸದಾಗಿ ಕಡಿಯುವುದು ಬೇಡ. ಗಾಜು ತೆಗೆದು, 4 ಇಂಚಿನ ಪೈಪನ್ನು ಕಿಂಡಿಯ ನಟ್ಟನಡುವೆ ಏರಿಸಿ. ಮಾಳಿಗೆ ದಪ್ಪದ ಕೆಳಗೊಂದು ಅಡಿ, ಮೇಲೊಂದು ಅಡಿ ಬರುವ ಹಾಗೆ 8 ಇಂಚಿನ ತಗಡಿನ ಹೊರಕವಚ ಹಾಕಿ. ಒಳಪೈಪಿಗೂ ಹೊರಕವಚಕ್ಕೂ ನಡುವೆ ಸುತ್ತ 2 ಇಂಚು ಖಾಲಿ ಉಳಿಯುತ್ತದೆ. ಮೂರು ಸಣ್ಣ ಎಲ್ ಪಟ್ಟಿ ಬೋಲ್ಟ್ ಮಾಡಿದರೆ ಪೈಪು ನಡುವೆಯೇ ನಿಲ್ಲುತ್ತದೆ. ಆ ಖಾಲಿ ಜಾಗ ಕೆಳಗೂ ಮೇಲೂ ತೆರೆದಿರಲಿ, ಅದರಲ್ಲಿ ಗಾಳಿ ಆಡಿದಷ್ಟೂ ಹೊರತಗಡು ತಣ್ಣಗಿರುತ್ತದೆ. ಗೋಣಿ, ಬಟ್ಟೆ, ಹತ್ತಿ, ಥರ್ಮಾಕೋಲ್ ಒಂದನ್ನೂ ತುರುಕಬೇಡಿ. ಮಳೆಗೆ ಕವಚದ ಮೇಲೆ ಒಳಪೈಪಿಗೆ ಒಂದು ತಗಡಿನ ಕೊಡೆ ಕಟ್ಟಿಸಿ, ಅದು ಕವಚಕ್ಕೆ ತಾಗದೆ ಎರಡು ಇಂಚು ಮೇಲೆ ನಿಲ್ಲಲಿ. ಹೊರಕವಚದಿಂದ ಕಿಂಡಿಯ ಅಂಚಿಗೆ ಸುತ್ತಲೂ 8 ಇಂಚು ಸಿಗುತ್ತದೆ; 18 ಇಂಚಿನ ಲೆಕ್ಕ ಬರೀ ಪೈಪಿಗೆ, ಇಲ್ಲಿ ನಡುವೆ ಗಾಳಿ ಆಡುವ ಕವಚ ಇದೆ. ಕಿಂಡಿಯ ಒಳಮೈಯಲ್ಲಿ ಕಡ್ಡಿ ಚಾಚಿದ್ದರೆ ಕತ್ತರಿಸಿ ಮಣ್ಣು ಮೆತ್ತಿ. ಹಳೇ ತೂತಿನ ಜಂತಿಯನ್ನು ಬಡಗಿಗೆ ತೋರಿಸಿ, ಭಾರ ಹೊರುವಷ್ಟು ಉಳಿದಿದೆಯೋ ಇಲ್ಲವೋ ಅವರೇ ಹೇಳಬೇಕು.

ಕೆಂಪಗಾಗೋ ಬುಡದ ವಿಚಾರ. ಕಬ್ಬಿಣ ಕಣ್ಣಿಗೆ ಕೆಂಪು ಕಾಣಬೇಕಾದರೆ 500 ಡಿಗ್ರಿ ದಾಟಿರಬೇಕು. ಜಿ.ಐ. ಪೈಪಿನ ಮೇಲಿನ ಸತು ಕರಗೋದೇ 420 ಡಿಗ್ರಿಗೆ. ಅಂದರೆ ನಿಮ್ಮ ಪೈಪಿನ ಬುಡದಲ್ಲಿ ಸತು ಉಳಿದಿಲ್ಲ, ಹಾರಿದ ಹೊಗೆ ಉಸಿರಿಗೂ ಒಳ್ಳೆಯದಲ್ಲ. ಮೊದಲ 3 ಅಡಿ ಕಪ್ಪು ಎಂ.ಎಸ್. (ಸತು ಲೇಪ ಇಲ್ಲದ ಉಕ್ಕಿನ) ಪೈಪ್ ಹಾಕಿ, 2 ಮಿ.ಮೀ. ದಪ್ಪ ಇರಲಿ. ಅಲ್ಲಿಂದ ಮೇಲೆ ಜಿ.ಐ. ನಡೆಯುತ್ತದೆ, ಅಲ್ಲಿಯೂ ಕೆಂಪಗಾಗಬಾರದು. ಹಳೇ ಸಿಮೆಂಟ್ ಪೈಪು ಸಿಗುತ್ತದೆ ಅಂತ ತರಬೇಡಿ. ಅದರಲ್ಲಿ ಕಲ್ನಾರು ಇರುತ್ತದೆ, ನೇರ ಉರಿಗೆ ಸಿಡಿಯುತ್ತದೆ, ಗ್ರೈಂಡರಿನಲ್ಲಿ ಕೊಯ್ದರೆ ಆ ಪುಡಿ ಪುಪ್ಪುಸ ಹಾಳು ಮಾಡುತ್ತದೆ. ಬುಡದಲ್ಲಿ ಟೀ (T ಆಕಾರದ ಪೈಪಿನ ಜೋಡಣೆ) ಹಾಕಿಸಿ ಕೆಳಗೆ ಬಿಚ್ಚುವ ಮುಚ್ಚಳ ಇಡಿ, ಮಸಿ ಅಲ್ಲಿಂದ ತೆಗೆಯಬಹುದು.

ಮಸಿ ಒಳಗೆ ಹೊತ್ತಿಕೊಂಡರೆ ಪೈಪು ಗುಂಯ್ ಅಂತ ಮೊರೆಯುತ್ತದೆ, ಮೇಲಿಂದ ಕಿಡಿ ಹಾರುತ್ತದೆ. ಆಗ ಪಾತ್ರೆ ಎತ್ತಬೇಡಿ, ಕಣ್ಣು ತೆರೆದಷ್ಟೂ ಗಾಳಿ ಹೋಗುತ್ತದೆ. ಒಲೆಬಾಯಿ, ಬೂದಿಕಿಂಡಿ ಎರಡನ್ನೂ ಒದ್ದೆ ಮಣ್ಣಿನಿಂದ ಮುಚ್ಚಿ, ಎಲ್ಲರನ್ನೂ ಹೊರಗೆ ಕರೆದು 112ಕ್ಕೆ ಫೋನ್ ಮಾಡಿ. ಮೇಲಿಂದ ಪೈಪಿಗೆ ನೀರು ಸುರಿದರೆ ಆವಿಯಾಗಿ ಸಿಡಿದು ಸುರಿದವರನ್ನೇ ಸುಡುತ್ತದೆ.

ನರ್ಸಕ್ಕ (ಮಸ್ಕಿ):

ರಾತ್ರಿ ಕೆಂಡ ಇಟ್ಟು ಪೈಪಿಗೆ ತಗಡು ಅಡ್ಡ ಕೂಡಿಸೋದು ಬೇಡವೇ ಬೇಡ ತಮ್ಮಾ. ಹೊಗೆ ಕಾಣುವುದಿಲ್ಲ ಅಂದರೆ ಅಪಾಯ ಇಲ್ಲ ಅಂತಲ್ಲ. ಉರಿ ಆರಿ ಕೆಂಡ ಮಾತ್ರ ಉಳಿದಾಗಲೇ ಕಾರ್ಬನ್ ಮೋನಾಕ್ಸೈಡ್ ಹೆಚ್ಚು ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯೋದಿಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ತಲೆನೋವು, ಓಕರಿಕೆ, ತಲೆ ತಿರುಗುವುದು, ಕಾಲಲ್ಲಿ ಶಕ್ತಿ ಇಲ್ಲದಂತಾಗುವುದು ಮೊದಲ ಗುರುತು. ನಿದ್ದೆಯಲ್ಲಿದ್ದವರಿಗೆ ಈ ಗುರುತೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು ಬಂದು, ಹೊರಗೆ ಬಂದ ಮೇಲೆ ಕಡಿಮೆಯಾದರೆ ಒಲೆಯನ್ನೇ ಅನುಮಾನಿಸಬೇಕು. ಬೆರಳಿಗೆ ಹಾಕುವ ಆಕ್ಸಿಮೀಟರ್ ನಂಬಬೇಡಿ, ಈ ವಿಷದಲ್ಲಿ ಅದು 98, 99 ಅಂತ ಎಲ್ಲ ಸರಿ ಇದ್ದಂತೆ ತೋರಿಸುತ್ತದೆ. ಬಾಗಿಲು ತೆರೆದು ಬಯಲಿಗೆ ತರಬೇಕು, 108ಕ್ಕೆ ಫೋನ್ ಮಾಡಿ ಒಲೆ ಹೊಗೆ ಅಂತ ಹೇಳಬೇಕು.

ಇದೇ ಮಾತು ಬಾಣಂತಿ ಕೋಣೆಗೂ. ಗಾಳಿ ತಾಗಬಾರದು ಅಂತ ಬಾಗಿಲು ಕಿಟಕಿ ಮುಚ್ಚಿ, ಮಂಚದ ಕೆಳಗೆ ಕೆಂಡದ ಬೋಗುಣಿ ಇಡೋದು ನಮ್ಮ ಕಡೆ ಇನ್ನೂ ಇದೆ. ತಾಯಿ ಮಗು ಇಬ್ಬರ ಜೀವಕ್ಕೂ ಅದು ಕುತ್ತು. ಮಗುವಿಗೆ ಬೆಚ್ಚಗಿರಬೇಕಾದರೆ ತಾಯಿ ಎದೆಗೆ ಮೈ ತಾಗಿಸಿ ಮಲಗಿಸಿ ಮೇಲೆ ಹೊದಿಸಿದರೆ ಸಾಕು, ಕೆಂಡ ಬೇಡ.

ಎಕ್ಸಾಸ್ಟ್ ಫ್ಯಾನ್ ಬಗ್ಗೆ ಒಲೆಮೇಸ್ತ್ರಿ ಅಣ್ಣ ಹೇಳಲಿ. ಬ್ಯಾಟರಿಯ ಕಾರ್ಬನ್ ಮೋನಾಕ್ಸೈಡ್ ಅಲಾರಂ ಸಿಗುತ್ತದೆ, ಒಂದು ತರಿಸಿ ಮಲಗುವ ಕೋಣೆಯ ಕಡೆ ಹಾಕಿರಿ.

ಒಲೆಮೇಸ್ತ್ರಿ (ಕುಷ್ಟಗಿ):

ಫಿಟ್ಟರ್ ಸಾಹೇಬ್ರು ಬರೆದದ್ದು ಅಕ್ಷರಶಃ ಮಾಡ್ರಿ. ಬೆಳಕಿಂಡಿಯಿಂದ ಏರಿಸೋದಾದ್ರೆ ಒಲೆಯನ್ನೇ ಅದರ ಕೆಳಗೆ ಸರಿಸಿ ಕಟ್ಟೋದು ವಾಸಿ. ಪೈಪು ನೆಟ್ಟಗೆ ನಿಲ್ಲುತ್ತದೆ, ಒಂದೂ ತಿರುವು ಬೇಡ.

ಫ್ಯಾನು: ಗಂಟೆಗೆ 2 ಕೆ.ಜಿ. ಕಟ್ಟಿಗೆ ಉರಿಯಲು ಒಲೆಗೆ ಬೇಕಾಗೋದು ಹೆಚ್ಚುಕಡಿಮೆ 20 ಘನ ಮೀಟರ್ ಗಾಳಿ. 10 ಇಂಚಿನ ಎಕ್ಸಾಸ್ಟ್ ಫ್ಯಾನ್ ನೂರಾರು ಘನ ಮೀಟರ್ ಎಳೆಯುತ್ತದೆ. ಬಾಗಿಲು ಮುಚ್ಚಿ ಅದನ್ನು ತಿರುಗಿಸಿದರೆ ಗಾಳಿ ಎಲ್ಲಿಂದ ಬರಬೇಕು? ನಿಮ್ಮ ಪೈಪಿನಿಂದಲೇ, ಮೇಲಿಂದ ಕೆಳಕ್ಕೆ. ಒಲೆ ಹೊತ್ತಿರುವಾಗ, ಕೆಂಡ ಇರುವಾಗ ಫ್ಯಾನ್ ಬಂದ್. ಅದರ ಬದಲು ಒಲೆ ಪಕ್ಕದ ಗೋಡೆಯ ಬುಡದಲ್ಲಿ, ನೆಲದಿಂದ ಒಂದು ಗೇಣು ಮೇಲೆ 9 ಇಂಚು ಅಗಲ 6 ಇಂಚು ಎತ್ತರದ ಕಿಂಡಿ ಕೊರೆದು ಇಲಿ ಬರದ ಹಾಗೆ ಜಾಲರಿ ಹಾಕ್ರಿ. ಇದು 4 ಇಂಚಿನ ಪೈಪಿನ ಬಾಯಿಗಿಂತ ನಾಲ್ಕು ಪಟ್ಟು ದೊಡ್ಡದು, ಸಾಕು. ಕೆಳಗಿಂದ ಗಾಳಿ ಬರುತ್ತದೆ, ಪೈಪು ಹೋಗಿ ಉಳಿದ ಬೆಳಕಿಂಡಿಯ ಜಾಗದಿಂದ ಕೋಣೆಯ ಬಿಸಿಯೂ ಹೊರಗೆ ಹೋಗುತ್ತದೆ. ಬೆಳಕಿಂಡಿಗೆ ಮತ್ತೆ ಗಾಜು ಕೂಡಿಸಬೇಡ್ರಿ. ಸುತ್ತ ಒಂದು ಗೇಣು ಕಟ್ಟೆ ಎತ್ತಿ, ಪೈಪಿಗೆ ಜಾಗ ಬಿಟ್ಟು 6 ಇಂಚು ಮೇಲೆ ತಗಡು ಮಲಗಿಸ್ರಿ. ಮಳೆ ಬರಲ್ಲ, ಬಿಸಿ ನಿಲ್ಲಲ್ಲ.

ಒಲೆ ಹೊಸದಾಗಿ ಕಟ್ಟುವಾಗ ಊರಿನ ಎರೆಮಣ್ಣೊಂದನ್ನೇ ಬಳಸಬೇಡ್ರಿ. ಎರೆ ಒಣಗಿದಾಗ ಹೊಲದಲ್ಲಿ ಹೆಂಗೆ ಬಾಯಿ ಬಿಡ್ತದ, ಒಲೆಯಲ್ಲೂ ಹಂಗೇ ಬಿಡ್ತದ. ಆ ಬಿರುಕಿನಿಂದ ತಂಪು ಗಾಳಿ ನುಗ್ಗಿ ಎಳೆತ ಸಾಯುತ್ತದೆ. ಹುತ್ತದ ಮಣ್ಣು ಅಥವಾ ಕೆಮ್ಮಣ್ಣು ಎರಡು ಪುಟ್ಟಿ, ಉಸುಕು ಒಂದು ಪುಟ್ಟಿ, ನೆಲ್ಲಿನ ಹೊಟ್ಟು ಅರ್ಧ ಪುಟ್ಟಿ, ಸಗಣಿ ಸ್ವಲ್ಪ. ಕಲಸಿ ಎರಡು ದಿನ ಕೊಳೆಹಾಕಿ ಮತ್ತೆ ತುಳಿದು ಹಚ್ಚಬೇಕು. ಉರಿಗೂಡಿನಲ್ಲಿ ಸಿಮೆಂಟು ಬೇಡ, ಕಾವಿಗೆ ಸತ್ತು ಉದುರುತ್ತದೆ. ಶಹಾಬಾದ್ ಕಲ್ಲಾಗಲಿ ಕರಿಕಲ್ಲಾಗಲಿ ಉರಿ ತಾಗುವಲ್ಲಿ ಇಟ್ಟರೆ ಚೆಕ್ಕೆ ಹಾರುತ್ತವೆ, ಚೆನ್ನಾಗಿ ಸುಟ್ಟ ಇಟ್ಟಿಗೆಯೇ ಆಗಬೇಕು. ಕೆಳಗೆ 10 ಮಿ.ಮೀ. ಸರಳಿನ ಜಾಲರಿ, ಸರಳಿಗೆ ಸರಳಿಗೆ ನಡುವೆ ಒಂದು ಬೆರಳು ಸಂದಿ, ಜಾಲರಿ ಕೆಳಗೆ 4 ಇಂಚು ಬೂದಿಗೂಡು. ಜಾಲರಿಯಿಂದ ರೊಟ್ಟಿ ಹಂಚಿನ ತಳಕ್ಕೆ 7–8 ಇಂಚು. ಕಟ್ಟಿದ ಮೇಲೆ ನೆರಳಲ್ಲಿ ಹತ್ತು ಹನ್ನೆರಡು ದಿನ ಒಣಗಲಿ, ಮೊದಲ ಮೂರು ದಿನ ಕಡ್ಡಿಯಷ್ಟೇ ಉರಿ.

ಕಾವು ಕಡಿಮೆ ಮಾಡಬೇಕಾದಾಗ ಬೂದಿಗೂಡಿನ ಕಿಂಡಿಯನ್ನು ಇಟ್ಟಿಗೆ ತುಂಡಿನಿಂದ ಅರ್ಧ ಮುಚ್ಚಿರಿ, ಕಟ್ಟಿಗೆ ಹಿಂದಕ್ಕೆ ಎಳೀರಿ. ಗಾಳಿಯನ್ನು ಒಲೆಯ ಬಾಯಲ್ಲಿ ಹಿಡೀಬೇಕು, ಕುತ್ತಿಗೆಯಲ್ಲಿ (ಅಂದ್ರೆ ಪೈಪಿನಲ್ಲಿ) ಅಲ್ಲ.

ಜಾಲಿಮುಳ್ಳು (ಲಿಂಗಸುಗೂರು):

ಉರುವಲ ಬಗ್ಗೆ ಎರಡು ಮಾತು. ಹತ್ತಿ ಕಟ್ಟಿಗೆ ಭರ್ರನೆ ಉರಿದು ಉದ್ದ ಜ್ವಾಲೆ ಬಿಡ್ತದ. ಒಂದು ಹಿಡಿ ತುಂಬಿದರೆ ಉರಿ ಮೂರೂ ಪಾತ್ರೆ ದಾಟಿ ಪೈಪಿಗೇ ಹೋಗ್ತದ, ಅದಕ್ಕೇ ನಿಮ್ಮ ಪೈಪು ಕೆಂಪಗಾಗಿದ್ದು. ಒಂದು ಸಲಕ್ಕೆ ನಾಲ್ಕೈದು ಕಡ್ಡಿ, ಹೊತ್ತಿಸಲಿಕ್ಕೆ ಮಾತ್ರ. ರೊಟ್ಟಿಗೆ ಜಾಲಿ. ಹಸಿ ಜಾಲಿ ಸೀಳದೆ ಒಟ್ಟಿದರೆ ಒಳಗೆ ಒಣಗಲ್ಲ. ಮಣಿಕಟ್ಟಿನ ದಪ್ಪಕ್ಕೆ ಸೀಳಿ, ಎರಡು ಇಟ್ಟಿಗೆ ಮೇಲೆ ಅಡ್ಡಡ್ಡ ಪೇರಿಸಿ, ಮೇಲೊಂದೇ ತಗಡು ಹಾಕಿ ಮೂರು ನಾಲ್ಕು ತಿಂಗಳು ಬಿಡ್ರಿ. ಎರಡು ತುಂಡು ಬಡಿದರೆ ಟಣ್ ಅನ್ನಬೇಕು. ಧಪ್ ಅಂದರೆ, ಉರಿಯುವಾಗ ತುದಿಯಲ್ಲಿ ನೊರೆ ಬಂದರೆ, ಇನ್ನೂ ಹಸಿ. ಹಸಿ ಕಟ್ಟಿಗೆ ಹೊಗೆ ತಣ್ಣಗಿರ್ತದ, ಪೈಪಿಗೆ ಡಾಂಬರಿನಂಥ ಮಸಿ ಅಂಟ್ತದ, ಮುಂದೆ ಹೊತ್ತಿಕೊಳ್ಳೋದು ಅದೇ. ಕ್ರಿಮಿನಾಶಕದ ಡಬ್ಬಿ, ಗೊಬ್ಬರದ ಚೀಲ ಒಲೆಗೆ ಹಾಕಲೇಬೇಡ್ರಿ.

ಎರೆಹೊಲ:

ಜಂತಿ ಹತ್ತಿರದ ಗೋಣಿ ಕಿತ್ತು ತೆಗೆದೆ, ನೀರು ಚಿಮುಕಿಸಿ ನೋಡಿದೆ, ಹೊಗೆ ಇಲ್ಲ. ಒಲೆ ಸದ್ಯ ನಿಲ್ಲಿಸಿ ಹಿತ್ತಲಲ್ಲಿ ಮೂರು ಗುಂಡು ಕಲ್ಲು ಇಟ್ಟು ಅಡುಗೆ ನಡೆದಿದೆ. ಮೇಸ್ತ್ರಿ, ಒಂದು ಪ್ರಶ್ನೆ. ಗಾಳಿಯನ್ನು ಬಾಯಲ್ಲಿ ಹಿಡೀಬೇಕು ಅಂದ್ರಿ; ಅದಕ್ಕೆ ಒಲೆಬಾಯಿ ಸಣ್ಣದು ಮಾಡಿದ್ರೆ ರೊಟ್ಟಿ ಎಲ್ಲಿ ನಿಲ್ಲಿಸೋದು? ಹಂಚಿನಿಂದ ತೆಗೆದು ಬಾಯಿ ಮುಂದೆ ಕೆಂಡಕ್ಕೆ ಮುಖ ಮಾಡಿ ನಿಲ್ಲಿಸಿದ್ರೇ ಉಬ್ಬೋದು.

ಒಲೆಮೇಸ್ತ್ರಿ (ಕುಷ್ಟಗಿ):

ಬಾಯಿ 7 ಇಂಚು ಅಗಲ 6 ಇಂಚು ಎತ್ತರ ಇರಲಿ, ಅದರ ಮುಂದೆ ಒಂದು ಅಡಿ ಮಣ್ಣಿನ ಜಗಲಿ ಕಟ್ಟಿರಿ. ಜಗಲಿಯ ಎರಡೂ ಬದಿ 4 ಇಂಚಿನ ದಿಂಡು. ರೊಟ್ಟಿ ಬಡಿಯುವಾಗ ಎರಡು ಮೂರು ಕೆಂಡ ಚಿಮಟದಲ್ಲಿ ಬಾಯಂಚಿಗೆ ಎಳೆದು, ರೊಟ್ಟಿಯನ್ನು ದಿಂಡಿಗೆ ಆನಿಸಿ ನಿಲ್ಲಿಸ್ರಿ. ಬಾಯಿ ಮೇಲ್ಭಾಗ ಮುಚ್ಚಲಿಕ್ಕೆ ಹಿಡಿ ಇರೋ ತಗಡು ಮಾಡಿಸ್ರಿ, ಕೆಳಗಿನ ಮೂರು ಇಂಚು ತೆರೆದಿರಲಿ. ಹೊಗೆ ಬರೋದು ಬಾಯಿಯ ಮೇಲಂಚಿನಿಂದ, ರೊಟ್ಟಿ ಬೇಯೋದು ಕೆಳಗಿನ ಕೆಂಡದಿಂದ. ಎರಡಕ್ಕೂ ಜಗಳ ಇಲ್ಲ. ಹಂಚು ಚಪ್ಪಟೆ, ಕಣ್ಣಿನ ಮೇಲೆ ಸಂದಿ ಬಿಡುತ್ತದೆ. ಕಣ್ಣಿನ ಅಂಚಿಗೆ ಕಬ್ಬಿಣದ ಬಳೆ ಕೂಡಿಸಿದ್ರೆ ಸಮ ಕೂಡುತ್ತದೆ. ಹಂಚು ಎತ್ತಿದ ಕೂಡಲೇ ಕಣ್ಣಿಗೆ ತಟ್ಟೆ.

ಹಿತ್ತಲ ಗುಂಡು ಒಲೆಗೆ ಬಣವಿ ಎಷ್ಟು ದೂರ? ಗಾಳಿ ಬೀಸುವ ದಿಕ್ಕಿಗೆ ಇದ್ದರೆ ಒಲೆ ಈಚೆ ತರ್ರಿ.

ಪೈಪ್‌ಫಿಟ್ಟರ್ (ತೋರಣಗಲ್ಲು):

ಗ್ಯಾಸಿನ ವಿಷಯ ಯಾರೂ ಮುಟ್ಟಲಿಲ್ಲ. ಅಡುಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿದು ಹರಿಯುತ್ತದೆ, ಕಟ್ಟಿಗೆ ಒಲೆಯ ಬಾಯಿಯೂ ನೆಲದ ಮಟ್ಟದಲ್ಲೇ ಇರುತ್ತದೆ. ಸಿಲಿಂಡರೂ ಗ್ಯಾಸ್ ಒಲೆಯೂ ಬೇರೆ ಕೋಣೆಗೆ ಹೋಗಲಿ. ಅಲ್ಲಿ ತನಕ ಕಟ್ಟಿಗೆ ಒಲೆ ಹೊತ್ತಿರುವಾಗ ರೆಗ್ಯುಲೇಟರ್ ಬಂದ್ ಇರಬೇಕು. ವಾಸನೆ ಬಂದರೆ ಸ್ವಿಚ್ ಮುಟ್ಟದೆ ಎಲ್ಲರೂ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಒಲೆಮೇಸ್ತ್ರಿ (ಕುಷ್ಟಗಿ):

ಹೌದು, ಅದು ಬಿಟ್ಟೇ ಹೋಗಿತ್ತು. ಬೂದಿಯದೂ ಒಂದಿದೆ. ಜಾಲಿ ಕೆಂಡ ಬೂದಿಯೊಳಗೆ ಮರುದಿನದ ತನಕ ಬದುಕಿರುತ್ತದೆ. ಮುಚ್ಚಳ ಇರೋ ಕಬ್ಬಿಣದ ಪುಟ್ಟಿಗೆ ತೆಗೆದು, ಪುಟ್ಟಿಯನ್ನು ಕಲ್ಲಿನ ಮೇಲೆ ಇಟ್ಟು, ಎರಡು ದಿನ ಬಿಟ್ಟು ತಿಪ್ಪೆಗೆ ಹಾಕ್ರಿ. ಪ್ಲಾಸ್ಟಿಕ್ ಬುಟ್ಟಿ ಬೇಡ. ಪೈಪಿನ ಮಸಿ ತಿಂಗಳಿಗೊಮ್ಮೆ, ಒಲೆ ಪೂರಾ ತಣ್ಣಗಾದ ಮೇಲೆ: ಹಗ್ಗದ ನಡುವೆ ಗೋಣಿ ತುಂಡಿನ ಗಂಟು ಕಟ್ಟಿ, ಮೇಲೊಬ್ಬರು ಕೆಳಗೊಬ್ಬರು ನಿಂತು ನಾಲ್ಕು ಸಲ ಎಳೆದರೆ ಮುಗೀತು. ಮಸಿ ಒಂದು ಕಾಳಿನ ದಪ್ಪ ಕಂಡರೆ ತಿಂಗಳ ತನಕ ಕಾಯಬೇಡ್ರಿ. ಹೊಸ ಪೈಪು ಕೂಡಿಸಿದ ಮೇಲೆ ಮಧ್ಯಾಹ್ನ 12ಕ್ಕೆ ಊದಿನಕಡ್ಡಿ ಹಿಡಿದು, ಎಳೆ ಯಾವ ಕಡೆ ಬಾಗಿತು ಅಂತ ಇಲ್ಲೇ ಬರೀರಿ.